ಕಾರು ಇರುಳು ತಂಗುವ ಊರು

ವ್ರತಕ್ಕೆ ಕಲೆ ಹತ್ತಲು ಘೋರ ಪಾಪಕಾರ್ಯವೇ ಆಗಬೇಕೆಂದಿಲ್ಲ. ಅರ್ಜಿಯೊಂದರಲ್ಲಿ ತಿಳಿದೂ ತಪ್ಪಾಗಿ ಬರೆದ ಒಂದು ವಿಳಾಸವೂ ಸಾಕು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಸುಳ್ಳು ಬರಹವನ್ನು ಸಿದ್ಧಪಡಿಸುವ ಕೂಟಲೇಖಕ್ರಿಯೆಯೂ ಒಂದು. ಇಂದಿನ ಗೃಹಸ್ಥನಿಗೆ ಅದು ಯಾವ ರೂಪದಲ್ಲಿ ಎದುರಾಗುತ್ತದೆಂಬುದಕ್ಕೆ, ಇಂಗ್ಲೆಂಡಿನ ಚಿಕ್ಕ ಊರೊಂದರಲ್ಲಿ ನೆಲೆಸಿದ ಕನ್ನಡ ಕುಟುಂಬದ ಅನುಭವ ನಿದರ್ಶನವಾಗಿದೆ.

ಆ ಮನೆಯ ಮಗಳು ಬರ್ಮಿಂಗ್‌ಹ್ಯಾಮಿನ ವಿಶ್ವವಿದ್ಯಾನಿಲಯದಲ್ಲಿ ಓದುತ್ತಾಳೆ. ತಂದೆ ಕೊಡಿಸಿದ ಹಳೆಯ ಸಣ್ಣ ಕಾರು, ಪಾಠಗಳು ನಡೆಯುವ ಸುಮಾರು 30 ವಾರಗಳ ಕಾಲ ಆ ನಗರದ ಬೀದಿಯ ಬದಿಯಲ್ಲಿ ನಿಲ್ಲುತ್ತದೆ. ರಜೆಯಲ್ಲಿ ಮಾತ್ರ ಮನೆಗೆ ಬರುತ್ತದೆ. ಕಾರು ರಾತ್ರಿ ಎಲ್ಲಿರುತ್ತದೆ, ಅದನ್ನು ಹೆಚ್ಚಾಗಿ ಓಡಿಸುವವರು ಯಾರು ಎಂಬ ಎರಡು ಪ್ರಶ್ನೆಗಳು ವಿಮೆಯ ಅರ್ಜಿಯಲ್ಲಿದ್ದವು. ಮನೆಯ ವಿಳಾಸವನ್ನೂ ತನ್ನ ಹೆಸರನ್ನೂ ಬರೆದರೆ ಕಂತು ಬಹಳ ಇಳಿಯುವುದನ್ನು ತಂದೆ ಕಂಡನು. ಎಲ್ಲರೂ ಹೀಗೆಯೇ ಮಾಡುತ್ತಾರೆಂದು ಮಿತ್ರರೂ ಹೇಳಿದ್ದರು. ಆಗ ಮಗಳು, “ಅಪ್ಪಾ, ಕಾರು ಓಡಿಸುವವಳು ನಾನಲ್ಲವೇ? ನಿಮ್ಮ ಹೆಸರೇಕೆ?” ಎಂದು ಕೇಳಿದಳು. ತಂದೆ ಆ ದಿನ ಅರ್ಜಿಯನ್ನು ಪೂರ್ತಿಗೊಳಿಸಲಿಲ್ಲ.

ಮಕ್ಕಳ ಕಾರಿಗೆ ಹಿರಿಯರನ್ನು ಮುಖ್ಯ ಚಾಲಕರೆಂದು ತೋರಿಸುವುದನ್ನು ಅಲ್ಲಿ ‘ಫ್ರಂಟಿಂಗ್’ ಎನ್ನುತ್ತಾರೆ. ಅದು ವಂಚನೆಯೆಂದೇ ಪರಿಗಣಿತವಾಗಿದೆ. 2012ರ ಗ್ರಾಹಕ ವಿಮಾ ಕಾಯಿದೆಯಂತೆ, ಉದ್ದೇಶಪೂರ್ವಕವಾಗಿ ತಪ್ಪು ಮಾಹಿತಿ ಕೊಟ್ಟವನ ವಿಮೆಯನ್ನು ಸಂಸ್ಥೆ ಮೂಲದಿಂದಲೇ ಅಸಿಂಧುಗೊಳಿಸಬಹುದು, ಪರಿಹಾರವನ್ನು ನಿರಾಕರಿಸಬಹುದು. ಅಜಾಗರೂಕತೆಯಿಂದ ತಪ್ಪಿದವನಿಗೂ, ಅವನು ಕಟ್ಟಿದ ಕಂತಿಗೂ ಕಟ್ಟಬೇಕಾಗಿದ್ದ ಕಂತಿಗೂ ಇರುವ ಪ್ರಮಾಣದಲ್ಲಿ ಪರಿಹಾರ ಕಡಿಮೆಯಾಗಬಹುದು. ವಿಮೆ ಒಮ್ಮೆ ಅಸಿಂಧುವಾದರೆ, ಮುಂದಿನ ಅರ್ಜಿಗಳಲ್ಲಿ ಕೇಳಿದಾಗಲೆಲ್ಲ ಅದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ತಂದೆಯ ಉಳಿತಾಯದ ಹೊರೆ ಹೀಗೆ ಮಗಳ ಹೆಗಲಿಗೆ ಬೀಳುತ್ತದೆ.

ಆದರೆ ದಂಡನೆಯ ಭಯವೊಂದೇ ಇಲ್ಲಿ ವಿಚಾರಣೀಯವಲ್ಲ. ವಿಮೆಯೆಂಬುದು ಅನೇಕರು ಕೂಡಿಟ್ಟ ನಿಧಿ. ಒಬ್ಬನ ಅಪಘಾತದ ನಷ್ಟವನ್ನು ಉಳಿದವರ ಕಂತುಗಳು ಭರಿಸುತ್ತವೆ. ತನ್ನ ಪಾಲಿನ ಅಪಾಯವನ್ನು ಮರೆಮಾಚಿ ಕಡಿಮೆ ಕಟ್ಟುವವನು, ಮುಖವನ್ನೇ ಕಾಣದ ನೆರೆಯವರ ಹಣವನ್ನು ಅವರರಿಯದಂತೆ ತೆಗೆದುಕೊಂಡಂತಾಯಿತು. ಅಸತ್ಯವು ಅಚೌರ್ಯವನ್ನೂ ಕೆಡಿಸುವ ಬಗೆ ಇದು. ಇದಕ್ಕಿಂತ ಹೆಚ್ಚಿನ ಹಾನಿ, ಎಳೆಯ ಮನಸ್ಸು ತನ್ನ ಹೆಸರಿನ ಮೊದಲ ಪತ್ರವ್ಯವಹಾರದಲ್ಲಿಯೇ ಸುಳ್ಳನ್ನು ಹಿರಿಯರಿಂದ ಕಲಿಯುವುದು.

ಪ್ರಾಮಾಣಿಕ ಮಾರ್ಗವೂ ದುರ್ಗಮವೇನಲ್ಲ. ತಂದೆ ಎರಡು ವಿಳಾಸಗಳನ್ನೂ ಸಂಸ್ಥೆಗೆ ತಿಳಿಸಿ, ಮಗಳನ್ನು ಮುಖ್ಯ ಚಾಲಕಳೆಂದು ಬರೆಸಿದನು. ರಜೆಯಲ್ಲಿ ತಾನೂ ಓಡಿಸುವುದು ನಿಜವಾದ್ದರಿಂದ ಹೆಚ್ಚುವರಿ ಚಾಲಕನಾಗಿ ತನ್ನ ಹೆಸರನ್ನು ಸೇರಿಸಿದನು. ಅನುಭವಿ ಚಾಲಕನಿದ್ದರೆ ಕಂತು ಕೆಲವೊಮ್ಮೆ ನ್ಯಾಯವಾಗಿಯೇ ಇಳಿಯುವುದುಂಟು. ಚಾಲನೆಯ ರೀತಿಯನ್ನು ದಾಖಲಿಸುವ ಯಂತ್ರವನ್ನು ಅಳವಡಿಸಲು ಮಗಳು ಒಪ್ಪಿದಳು. ಆದರೂ ಕಂತು ಹೆಚ್ಚೇ ಆಯಿತು. ಆ ವರ್ಷದ ಬೇಸಿಗೆಯ ಪ್ರವಾಸವನ್ನು ಮನೆಯವರು ಕೈಬಿಟ್ಟರು.

ಕಾರು ಮನೆಯಲ್ಲಿಯೇ ಉಳಿದು, ಮಕ್ಕಳು ರಜೆಯಲ್ಲಷ್ಟೇ ಓಡಿಸುವುದಾದರೆ, ಹಿರಿಯರ ಹೆಸರು ಮುಖ್ಯವಾಗಿರುವುದರಲ್ಲಿ ದೋಷವಿಲ್ಲ. ಅರ್ಜಿಯಲ್ಲಿ ಯಾರ ಹೆಸರಿದೆಯೆಂಬುದಕ್ಕಿಂತ, ಬರೆದದ್ದಕ್ಕೂ ನಡೆಯುವುದಕ್ಕೂ ಹೊಂದಿಕೆಯಿದೆಯೇ ಎಂಬುದು ಮುಖ್ಯ. ಮಕ್ಕಳನ್ನು ದೂರದ ಊರಿಗೆ ಓದಲು ಕಳುಹಿಸುವ ತಂದೆತಾಯಿಗಳು ಸಹಿ ಹಾಕುವ ಮುನ್ನ ಇದನ್ನು ಮಕ್ಕಳೊಡನೆ ಕುಳಿತು ವಿಚಾರಿಸುವುದು ಶ್ರೇಯಸ್ಕರ.