ಅಮ್ಮನ ಮೂಗು, ಬಾವನ ಗ್ರಿಲ್ಲು

ಎಡಪ್ಪಳ್ಳಿ ಎಂದರೆ ಮಲಯಾಳಂ ಓದಿದವರಿಗೆ ಚಙ್ಙಂಪುಳ ಕೃಷ್ಣಪಿಳ್ಳೆಯವರ ಊರು. ನನ್ನಂಥ ಬಿ.ಕಾಂ.ನವನಿಗೆ ಅದು ಅಕ್ಕ ಬಾವ ಇರುವ ಊರು, ಅಷ್ಟೆ. ಸಂಜೆಯಾದರೆ ಅಲ್ಲಿ ರಸ್ತೆಯುದ್ದಕ್ಕೂ ಅಲ್‌ಫಹಮ್ ಕೋಳಿ ಸುಡುವ ಹೊಗೆ. ಆ ಹೊಗೆ ಬಾವನ ತಲೆಗೇರಿತೋ ಏನೋ, ಗಲ್ಫಿಗೆ ಹೊರಟ ನೆರೆಮನೆಯವರಿಂದ ಅರ್ಧ ಬೆಲೆಗೆ ಒಂದು ಗ್ಯಾಸಿನ ಬಾರ್ಬೆಕ್ಯೂ ಗ್ರಿಲ್ ಕೊಂಡು, ಬಾಲ್ಕನಿಯಲ್ಲಿ ಪ್ರತಿಷ್ಠಾಪನೆ ಮಾಡಿಯೇಬಿಟ್ಟರು. ಅದರ ನೇರ ಮೇಲೆ ಅವರದೇ ಮುಂಡು ಒಣಗುತ್ತಿತ್ತು.

ನಗು ಬಂದರೂ ನನಗೆ ಹೆದರಿಕೆ ಬೇರೆಯೇ ಇತ್ತು. ಅಕ್ಕನ ಬಾಣಂತನಕ್ಕೆಂದು ಅಮ್ಮ ಅಲ್ಲಿಗೆ ಬಂದಿದ್ದಳು. ೨೦೨೧ರಲ್ಲಿ ಕೋವಿಡ್ ಬಂದು ಹೋದಾಗ ಅಮ್ಮನ ವಾಸನೆಶಕ್ತಿಯನ್ನೂ ಕೊಂಡುಹೋಯಿತು, ಇವತ್ತಿನವರೆಗೂ ಅದು ತಿರುಗಿ ಬಂದಿಲ್ಲ. ಅವಳಿಗೆ ಮಲ್ಲಿಗೆಯೂ ಒಂದೆ, ಒಣಮೀನೂ ಒಂದೆ.

ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲವೆಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸೋರಿದರೆ ತಿಳಿಯಲಿ ಎಂದೇ ಈಥೈಲ್ ಮರ್‌ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಅದಕ್ಕೆ ಬೆರೆಸುತ್ತಾರೆ. ಅಂದರೆ ಮನೆಯ ಕಾವಲುಗಾರ ನಮ್ಮ ಮೂಗು. ಅಮ್ಮನ ಪಾಲಿಗೆ ಆ ಕಾವಲುಗಾರ ಪೆನ್ಶನ್ ಕೂಡ ಇಲ್ಲದೆ ನಿವೃತ್ತ. ಇನ್ನೂ ಒಂದುಂಟು. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡುತ್ತದೆ. ಬಾಲ್ಕನಿಗೆ ತಾಗಿದ ಕೋಣೆಯಲ್ಲಿ ಅಮ್ಮ ಮಲಗುತ್ತಿದ್ದುದು ನೆಲದಲ್ಲಿ, ಚಾಪೆ ಹಾಕಿ, ಮಗುವನ್ನು ಮಗ್ಗುಲಲ್ಲಿ ಇಟ್ಟುಕೊಂಡು.

ನಮ್ಮ ಕಡೆಯವರು ಚಾಲದ ಸುದ್ದಿ ಮರೆತಿರಲಿಕ್ಕಿಲ್ಲ. ೨೦೧೨ರ ಆಗಸ್ಟ್ ೨೭ರ ರಾತ್ರಿ ಕಣ್ಣೂರಿನ ಹತ್ತಿರ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿತು. ಸತ್ತವರು ೨೦ ಮಂದಿ, ಹೆಚ್ಚಿನವರು ತಮ್ಮ ಮನೆಯಲ್ಲೇ ಇದ್ದವರು. ಟ್ಯಾಂಕರಿಗೂ ಬಾಲ್ಕನಿಯ ಸಿಲಿಂಡರಿಗೂ ಹೋಲಿಕೆಯೆ ಎಂದು ಕೇಳಬೇಡಿ, ಗ್ಯಾಸು ಅದೇ.

ಆದರೆ ಬಾವನಿಗೆ ಬುದ್ಧಿ ಹೇಳುವುದು ಹೇಗೆ? ಅಂಥ ಕ್ರಮ ನಮ್ಮಲ್ಲಿಲ್ಲ. ಗ್ರಿಲ್ಲಿನ ಜೊತೆ ಒಂದು ಇಂಗ್ಲಿಷ್ ಕೈಪಿಡಿ ಬಂದಿತ್ತು. "ಅದನ್ನೆಲ್ಲ ಯಾರು ಓದ್ತಾರೆ ಮಾರಾಯ" ಎಂದರು ಬಾವ. ನಾನು ಓದಿದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದವನಾದ್ದರಿಂದ ಇಂಗ್ಲಿಷನ್ನು ಈಗಲೂ ಸಾಲಿನ ಕೆಳಗೆ ಬೆರಳಿಟ್ಟೇ ಓದುವುದು. ಹಾಗಾಗಿ ಒಂದಕ್ಷರ ಬಿಡುವುದಿಲ್ಲ. ಸರಸರ ಓದುವವರು ಹಾರಿಸುವುದು ಇಂಥದ್ದನ್ನೇ: ಹೊತ್ತಿಸುವಾಗ ಮುಚ್ಚಳ ತೆರೆದೇ ಇರಬೇಕು, ಇಲ್ಲದಿದ್ದರೆ ಒಳಗೆ ಗ್ಯಾಸ್ ತುಂಬಿ ಕಿಡಿ ಬಿದ್ದಾಗ ಮುಖಕ್ಕೇ ಹಾರುತ್ತದೆ. ಹೊತ್ತದಿದ್ದರೆ ಮತ್ತೆ ಮತ್ತೆ ಗುಂಡಿ ಒತ್ತದೆ, ಗ್ಯಾಸ್ ಮುಚ್ಚಿ ಐದು ನಿಮಿಷ ಬಿಡಬೇಕು. ಮುಚ್ಚಿದ ಜಾಗದಲ್ಲಂತೂ ಉರಿಸಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ಒಳ್ಳೆಯ ಮೂಗಿದ್ದವರೂ ಕುರುಡರೇ.

ಬಾಯಿಮಾತು ಬೇಡವೆಂದು ಒಂದು ಬಟ್ಟಲಲ್ಲಿ ಸಾಬೂನು ನೀರು ಕಲಸಿ ತಂದೆ. ಸಿಲಿಂಡರ್ ತೆರೆದು, ಬರ್ನರ್ ಹೊತ್ತಿಸದೆ, ಜೋಡಣೆಗಳಿಗೆಲ್ಲ ಹಚ್ಚಿದೆ. ಗ್ರಿಲ್ಲಿಗೆ ಟ್ಯೂಬ್ ಸೇರುವಲ್ಲಿ ಸಣ್ಣ ಸಣ್ಣ ಗುಳ್ಳೆ ಏಳತೊಡಗಿತು. ನನಗೂ ಬಾವನಿಗೂ ಯಾವ ವಾಸನೆಯೂ ಬಂದಿರಲಿಲ್ಲ. ಟ್ಯೂಬಿನ ಮೇಲೆ ಅಚ್ಚಾದ ವರ್ಷ ೨೦೧೬. ಐದು ವರ್ಷಕ್ಕೆ ಬದಲಿಸಬೇಕಾದ ಸಾಮಾನು. ನಮ್ಮ ಸವಕಳಿ ಲೆಕ್ಕದ ಪ್ರಕಾರ ಅದರ ಬೆಲೆ ಎಂದೋ ಸೊನ್ನೆ.

"ಎಂಥ ಅದು?" ಎಂದು ಅಮ್ಮ ಬಾಗಿ ನೋಡಿದಳು. ನಾಲ್ಕು ವರ್ಷದಲ್ಲಿ ಅವಳು ಗ್ಯಾಸನ್ನು ಕಂಡುಹಿಡಿದದ್ದು ಅದೇ ಮೊದಲು, ಕಣ್ಣಿನಿಂದ.

ಬಾವ ಏನೂ ಹೇಳಲಿಲ್ಲ. ತಾವೇ ಸಿಲಿಂಡರ್ ಮುಚ್ಚಿದರು. ಮರುದಿನ ಮೆಕ್ಯಾನಿಕ್ ಬಂದು ಹೊಸ ಟ್ಯೂಬ್ ಹಾಕಿ, ರೆಗ್ಯುಲೇಟರ್ ಗ್ರಿಲ್ಲಿಗೆ ಹೊಂದುತ್ತದೆಯೆ ಎಂದು ನೋಡಿಹೋದ. ಫ್ಲಾಟಿನವರನ್ನು ಕೇಳಿ ಗ್ರಿಲ್ಲನ್ನು ಟೆರೇಸಿಗೆ ಸಾಗಿಸಿದೆವು. ಅಡುಗೆಕೋಣೆಯ ಗೋಡೆಗೆ ೧೯೦೬ ಎಂದು ದೊಡ್ಡದಾಗಿ ಬರೆದು ಅಂಟಿಸಿದೆ. ಗ್ಯಾಸ್ ಸೋರಿದರೆ ಫೋನ್ ಮಾಡುವ ನಂಬ್ರ ಅದು. ಕೆಳಗೆ ಕನ್ನಡದಲ್ಲಿ: ಸ್ವಿಚ್ ಮುಟ್ಟಬೇಡ, ರೆಗ್ಯುಲೇಟರ್ ಮುಚ್ಚು, ಬಾಗಿಲು ಕಿಟಿಕಿ ತೆರೆ, ಮಗುವನ್ನು ಎತ್ತಿಕೊಂಡು ಹೊರಗೆ ಹೋಗು, ಫೋನ್ ಅಲ್ಲಿಂದ.

ಈಗ ಆದಿತ್ಯವಾರ ಬಂಗುಡೆಗೆ ಖಾರ ಹಚ್ಚಿಟ್ಟು ಬಾವ ಟೆರೇಸಿನಲ್ಲಿ ಕಾಯುತ್ತಾರೆ. ಅಮ್ಮ ಸಾಬೂನು ನೀರಿನ ಬಟ್ಟಲು ಹಿಡಿದು ಮೆಟ್ಟಲು ಹತ್ತುತ್ತಾಳೆ, ಕನ್ನಡಕ ಸರಿಮಾಡಿ ಟ್ಯೂಬಿನ ಎರಡು ತುದಿಯನ್ನೂ ನಿಧಾನವಾಗಿ ನೋಡುತ್ತಾಳೆ.

"ಗುಳ್ಳೆ ಇಲ್ಲ. ಇನ್ನು ಹೊತ್ತಿಸಿ."