ಕೈದೀಪ ಕಲಿಸಿದ ಪಾಠ

ನಸುಕಿನಲ್ಲಿ ಎದ್ದು, ಮಿಂದು ಮಡಿಯಾಗಿ, ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ನಮ್ಮ ತಾಯಿಯವರ ನಿತ್ಯನೇಮ. ಆ ಹೊತ್ತಿಗೆ ವಿದ್ಯುತ್ತು ಹೋದರೆ ಹಿತ್ತಿಲ ಮೆಟ್ಟಿಲಿಳಿಯಲು ಅವರಿಗೊಂದು ಕೈದೀಪ ಬೇಕು. ಅಂಗಡಿಯಿಂದ ತಂದವು ವರ್ಷ ತುಂಬುವುದರೊಳಗೆ ಕೆಡುತ್ತಿದ್ದುದರಿಂದ, ಒಂದನ್ನು ನಾವೇ ಮಾಡಿಕೊಡಲು ಸಂಕಲ್ಪಿಸಿದೆವು.

ಬೆಳಕಿನ ಲೆಕ್ಕ ಸುಲಭವಾಗಿತ್ತು. ಲಿಥಿಯಂ ಬ್ಯಾಟರಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಬಿಳಿಯ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಸಾಕು. ಮಿಕ್ಕ 1 ವೋಲ್ಟಿಗೆ 10 ಓಮಿನ ರೆಸಿಸ್ಟರ್ ಇಟ್ಟರೆ 100 ಮಿಲಿ ಆಂಪಿಯರ್ ಹರಿಯುತ್ತದೆ. ಮೆಟ್ಟಿಲು ಕಾಣಲು ಅಷ್ಟು ಬೆಳಕು ಧಾರಾಳ.

ನಾವು ಎಡವಿದ್ದು ಚಾರ್ಜಿನಲ್ಲಿ. 5 ವೋಲ್ಟಿನ ಹಳೆಯ ಮೊಬೈಲ್ ಚಾರ್ಜರಿನಿಂದ ಒಂದು ರೆಸಿಸ್ಟರಿನ ಮೂಲಕ ನೇರವಾಗಿ ಬ್ಯಾಟರಿಗೆ ತಂತಿ ಕೊಟ್ಟು, ದೇವರ ಕೋಣೆಯ ಗೂಡಿನಲ್ಲಿಟ್ಟು ಮಲಗಿದೆವು. ನಸುಕಿನಲ್ಲಿ ತಾಯಿಯವರು ಕೂಗಿದರು. ದೀಪ ಕೈಸುಡುವಷ್ಟು ಕಾದಿತ್ತು. ಹಾಗೆಯೇ ಬಿಟ್ಟಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದಿತ್ತು. ತಂತಿ ಕಿತ್ತು ಅದನ್ನು ಅಂಗಳದ ಮಣ್ಣಿನಲ್ಲಿಟ್ಟೆವು. “ಅದಕ್ಕ ಸಾಕು ಅನ್ನೂದು ಗೊತ್ತಿಲ್ಲೇನಪ್ಪಾ?” ಎಂದಷ್ಟೇ ಕೇಳಿ ಅವರು ಪೂಜೆಗೆ ಕುಳಿತರು. ನಮ್ಮಲ್ಲಿ ಉತ್ತರವಿರಲಿಲ್ಲ.

ಎರಡನೆಯ ಸರ್ಕ್ಯೂಟ್ ಫಲಕವನ್ನು ಆ ಪ್ರಶ್ನೆಯಿಂದಲೇ ಆರಂಭಿಸಿದೆವು. ಟಿ.ಪಿ. 4056 ಎಂಬ ಪುಟ್ಟ ಚಿಪ್ಪು ಬ್ಯಾಟರಿಯನ್ನು 4.2 ವೋಲ್ಟಿನವರೆಗೆ ತುಂಬಿ, ಮುಂದೆ ವೋಲ್ಟೇಜನ್ನು ಏರಗೊಡದೆ ಹಿಡಿಯುತ್ತದೆ. ಪ್ರವಾಹವು ನಿಗದಿಯ ಹತ್ತನೆಯ ಒಂದಂಶಕ್ಕೆ ಇಳಿದಾಗ ತಾನೇ ನಿಲ್ಲಿಸುತ್ತದೆ. ಅದಕ್ಕೆ 2,000 ಓಮಿನ ರೆಸಿಸ್ಟರ್ ಜೋಡಿಸಿ ಪ್ರವಾಹವನ್ನು ಸುಮಾರು 580 ಮಿಲಿ ಆಂಪಿಯರಿಗೆ ಮಿತಿಗೊಳಿಸಿದೆವು. ಚಿಪ್ಪು ಬಿಸಿಯಾಗುವುದರಿಂದ ಅದರ ಸುತ್ತ ತಾಮ್ರವನ್ನು ಅಗಲವಾಗಿ ಉಳಿಸಿದೆವು. ಡಿ.ಡಬ್ಲ್ಯು. 01 ಎಂಬ ಇನ್ನೊಂದು ಚಿಪ್ಪು, ಜೋಡಿ ಮಾಸ್‌ಫೆಟ್ಟಿನ ನೆರವಿನಿಂದ, ಬ್ಯಾಟರಿಯು ಸುಮಾರು 2.4 ವೋಲ್ಟಿಗಿಳಿದರೆ ಸಂಪರ್ಕ ಕಡಿಯುತ್ತದೆ. ಎಲ್‌ಇಡಿಯನ್ನು ಬ್ಯಾಟರಿಗೆ ನೇರವಾಗಿ ಜೋಡಿಸದೆ, ಈ ಕಾವಲನ್ನು ದಾಟಿಯೇ ವಿದ್ಯುತ್ತು ಬರುವಂತೆ ಗೆರೆಗಳನ್ನೆಳೆದೆವು. ಬಳಿಕ ತಾಮ್ರದ ಹಲಗೆಯನ್ನು ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದೆವು. ಬೇಡದ ತಾಮ್ರವೆಲ್ಲ ಕರಗಿ, ಬೇಕಾದಷ್ಟೇ ಉಳಿಯಿತು.

ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ದಾಸೋಹಕ್ಕೆ ಸಲ್ಲಿಸಿರೆಂದು ಶರಣರು ಬೋಧಿಸಿದ್ದನ್ನು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೂ ‘ಸಾಕು’ ಎನ್ನದ ವಸ್ತುವೊಂದನ್ನು ನಮ್ಮ ಕೈಯಿಂದಲೇ ಮಾಡಿ ದೇವರ ಕೋಣೆಯಲ್ಲಿಟ್ಟೆವಲ್ಲ! ಕಾಯಕದಲ್ಲಿ ಕೈಚಳಕವೊಂದೇ ಸಾಲದು, ಎಚ್ಚರವೂ ಬೇಕೆಂದು ಅಂದು ಅರಿತೆವು.

ಈಗ ಚಾರ್ಜು ತುಂಬಿದೊಡನೆ ಕೆಂಪು ಸೂಚಕ ಆರಿ ಹಸಿರು ಹತ್ತುತ್ತದೆ. ತಾಯಿಯವರು ಅದನ್ನು ನೋಡಿ, “ಸಾಕಂತ, ತಗಿ” ಎನ್ನುತ್ತಾರೆ. ನಾವು ತಂತಿ ತೆಗೆಯುತ್ತೇವೆ.