ಕೌಟಿಲ್ಯ ಮಾರ್ಗದ ಮಸುಕು ಸಾಕ್ಷಿ

ದೆಹಲಿಯ ಕನ್ನಡಿಗರಿಗೆ ಚಾಣಕ್ಯಪುರಿ ಅಂದರೆ ಮೊದಲು ನೆನಪಾಗುವುದು ಕೌಟಿಲ್ಯ ಮಾರ್ಗದ 10ನೇ ನಂಬರಿನ ಕರ್ನಾಟಕ ಭವನ. ಊರಿನಿಂದ ಯಾರಾದರೂ ಕೆಲಸದ ಮೇಲೆ ಬಂದರೆ ಅವರನ್ನು ವಿಮಾನ ನಿಲ್ದಾಣದಿಂದ ಕರೆತಂದು ಅಲ್ಲಿ ಇಳಿಸುವುದು ಗುರುಗ್ರಾಮದಲ್ಲಿರುವ ನನ್ನಂಥವರ ಪಾಲಿನ ಕೆಲಸ. ಅದೇ ರಸ್ತೆಯಲ್ಲಿ ಬಿಹಾರ, ತಮಿಳುನಾಡಿನ ಭವನಗಳೂ ಇವೆ. ಸ್ವಲ್ಪ ಆಚೆ ಶಾಂತಿಪಥ, ಅದರ ಎರಡೂ ಬದಿ ಹುಲ್ಲುಹಾಸು, ರಾಯಭಾರ ಕಚೇರಿಗಳು, ನೀಲಿ ನಂಬರ್ ಪ್ಲೇಟಿನ ಕಾರುಗಳು. ಊರೆಲ್ಲ ಟ್ರಾಫಿಕ್‌ನಲ್ಲಿ ತೆವಳಿ ಬಂದವರಿಗೆ ಇಲ್ಲಿನ ಅಗಲವಾದ ಖಾಲಿ ರಸ್ತೆ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಇಲ್ಲಿನ ಅಪಾಯವೂ ಅದೇ.

ಕಳೆದ ಜನವರಿಯ ಒಂದು ರಾತ್ರಿ ಚಿಕ್ಕಪ್ಪನನ್ನು ಭವನಕ್ಕೆ ಬಿಡಲು ಹೋಗುತ್ತಿದ್ದೆ. ಹತ್ತೂವರೆ ಇರಬಹುದು. ಅಡ್ಡರಸ್ತೆಯಿಂದ ನುಗ್ಗಿದ ಬಿಳಿ ಕಾರೊಂದು ನಮ್ಮ ಮುಂದಿದ್ದ ಡೆಲಿವರಿ ಹುಡುಗನ ಸ್ಕೂಟರಿಗೆ ಬಡಿದು ನಿಲ್ಲದೆ ಹೋಯಿತು. ನಾವು ಇಳಿದು ಹುಡುಗನನ್ನು ಎಬ್ಬಿಸಿದೆವು. ಮಣಿಕಟ್ಟು ಊದಿಕೊಂಡಿತ್ತು, ಸ್ಕೂಟರಿನ ಮುಂಭಾಗ ಮುರಿದಿತ್ತು. "ನಿನ್ನ ಕಾರಲ್ಲಿ ಕ್ಯಾಮೆರಾ ಇದೆಯಲ್ಲೋ, ಕೊಡು ಅವನಿಗೆ" ಅಂದರು ಚಿಕ್ಕಪ್ಪ. ಡ್ಯಾಶ್‌ಕ್ಯಾಮ್ ಆ್ಯಪ್ ತೆಗೆದು, ಇಪ್ಪತ್ತು ಸೆಕೆಂಡಿನ ತುಣುಕನ್ನು ವಾಟ್ಸ್‌ಆ್ಯಪ್‌ನಲ್ಲಿ ಅವನಿಗೆ ಕಳಿಸಿ, ದೊಡ್ಡ ಉಪಕಾರ ಮಾಡಿದವನಂತೆ ಮನೆಗೆ ಬಂದೆ.

ನಾಲ್ಕು ದಿನ ಬಿಟ್ಟು ಅವನ ಫೋನ್ ಬಂತು. ವಿಡಿಯೋದಲ್ಲಿ ನಂಬರ್ ಕಾಣುತ್ತಿಲ್ಲ, ಠಾಣೆಯಲ್ಲಿ ಮೂಲ ಫೈಲ್ ಕೇಳುತ್ತಿದ್ದಾರೆ ಎಂದ. ತೆಗೆದು ನೋಡಿದರೆ ನಂಬರ್ ಪ್ಲೇಟಿನ ಜಾಗದಲ್ಲಿ ಒಂದು ಬಿಳಿ ಹೊಳಪು, ಅಷ್ಟೇ. ಮೂಲ ಫೈಲ್ ಕ್ಯಾಮೆರಾದಲ್ಲೂ ಇರಲಿಲ್ಲ. ನನ್ನದು 32 ಜಿಬಿ ಕಾರ್ಡ್. ಸೆಕೆಂಡಿಗೆ 16 ಮೆಗಾಬಿಟ್‌ನಂತೆ ರೆಕಾರ್ಡ್ ಆದರೆ ಅದು ನಾಲ್ಕೂವರೆ ಗಂಟೆಯೊಳಗೆ ತುಂಬುತ್ತದೆ. ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಆಫೀಸಿಗೆ ಎರಡು ದಿನ ಓಡಾಡುವಷ್ಟರಲ್ಲಿ ಆ ರಾತ್ರಿ ಅಳಿಸಿಹೋಗಿತ್ತು. "ಕೋಯಿ ಬಾತ್ ನಹೀ ಸರ್" ಅಂದ ಹುಡುಗ. ಎರಡು ವಾರದ ದುಡಿಮೆ, ಸ್ಕೂಟರಿನ ರಿಪೇರಿ, ಎರಡೂ ಅವನ ತಲೆಯ ಮೇಲೆಯೇ ಬಿದ್ದವು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಹದಿನೈದು ವರ್ಷದಿಂದ ಸಾಫ್ಟ್‌ವೇರ್ ದೋಷ ಹುಡುಕುವುದೇ ನನ್ನ ಉದ್ಯೋಗ. ಹಾಗಾಗಿ ಮೂರು ಭಾನುವಾರ ಅದೇ ರಸ್ತೆಗೆ ಹೋದೆ. ಗೆಳೆಯ ಮುಂದೆ ತನ್ನ ಕಾರು ಓಡಿಸುವುದು, ನಾನು ಹಿಂದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ರಾಯಭಾರ ಕಚೇರಿಯ ಗೇಟಿನ ಮುಂದೆ ನಿಂತು ಕ್ಯಾಮೆರಾ ತಿರುಗಿಸಿದರೆ ಕಾವಲಿನವರು ಬಂದು ಕೇಳದೆ ಇರುತ್ತಾರೆಯೇ? ಅದಕ್ಕೇ ಎಲ್ಲೂ ನಿಲ್ಲಿಸದೆ ಸುತ್ತಿದೆವು.

ಮೊದಲು ಕಲಿತದ್ದು, ಕೆಟ್ಟ ವಿಡಿಯೋ ಎಲ್ಲ ಒಂದೇ ಬಗೆಯದಲ್ಲ. ಚಿತ್ರ ಜಿಗಿಯುತ್ತಿದ್ದರೆ, ನಡುವೆ ತುಣುಕು ಕಾಣೆಯಾಗಿದ್ದರೆ ಕಾರ್ಡ್ ಸವೆದಿದೆ. ಸದಾ ಬರೆಯುವ ಕೆಲಸಕ್ಕೆಂದೇ ಸಿಗುವ 'ಹೈ ಎಂಡ್ಯೂರೆನ್ಸ್' ಕಾರ್ಡ್ ಹಾಕಬೇಕು. ಚಿತ್ರ ಚೌಕ ಚೌಕವಾಗಿ ಒಡೆದಿದ್ದರೆ ಬಿಟ್‌ರೇಟ್ ಕಡಿಮೆ ಇದೆ. ದೀಪದ ಕೆಳಗೆ ಪಟ್ಟಿ ಪಟ್ಟಿಯಾಗಿ ಮಿನುಗಿದರೆ ಸೆಟ್ಟಿಂಗ್ 60 ಹರ್ಟ್ಜ್‌ನಲ್ಲಿದೆ, ನಮ್ಮ ದೇಶದ ಕರೆಂಟಿಗೆ 50 ಇರಬೇಕು. ಬರೀ ಮಸುಕಾಗಿದ್ದರೆ ದೋಷ ಗಾಜಿನಲ್ಲೋ ಬೆಳಕಿನಲ್ಲೋ ಇದೆ.

ನನ್ನದು ಮಸುಕು. ಕಾರಣ ಹುಡುಕಿದಾಗ ನಾಚಿಕೆಯಾಯಿತು. ಲೆನ್ಸ್ ಮೇಲೆ ಕಂಪನಿಯವರು ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಒಂದು ವರ್ಷದಿಂದ ನಾನು ತೆಗೆದೇ ಇರಲಿಲ್ಲ! ಎರಡನೆಯದು ಮುಂದಿನ ಗಾಜಿನ ಒಳಮೈ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಏಳುವ ಆವಿ ಗಾಜಿಗೆ ಜಿಡ್ಡಾಗಿ ಅಂಟುತ್ತದೆ. ಹಗಲಲ್ಲಿ ಅದು ಕಾಣುವುದಿಲ್ಲ, ರಾತ್ರಿ ಎದುರಿನ ಹೆಡ್‌ಲೈಟ್ ಬಿದ್ದಾಗ ಇಡೀ ಚಿತ್ರ ಹಾಲಿನಂತಾಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಹಗಲಿನಲ್ಲಿ ಡ್ಯಾಶ್‌ಬೋರ್ಡ್ ಮೇಲಿನ ಬಿಳಿ ಬಟ್ಟೆ, ಪೇಪರು ಗಾಜಿನಲ್ಲಿ ಪ್ರತಿಫಲಿಸುತ್ತವೆ. ಅವನ್ನು ತೆಗೆದು ಕಪ್ಪು ಮ್ಯಾಟ್ ಹಾಸಿದೆ. ಪೋಲರೈಸಿಂಗ್ ಫಿಲ್ಟರೂ ಇದಕ್ಕೆ ಸಹಾಯಕ. ಆದರೆ ಅದು ಅರ್ಧಕ್ಕಿಂತ ಹೆಚ್ಚು ಬೆಳಕು ತಿನ್ನುವುದರಿಂದ ರಾತ್ರಿ ಬಿಚ್ಚಿಡಬೇಕು.

ನಂಬರ್ ಪ್ಲೇಟ್ ಬಿಳಿಯಾಗಿ ಹೊಳೆದದ್ದಕ್ಕೆ ಇನ್ನೊಂದು ಕಾರಣವಿತ್ತು. ಈಗಿನ ಹೈ ಸೆಕ್ಯೂರಿಟಿ ಪ್ಲೇಟುಗಳು ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ವಾಪಸು ಕಳಿಸುತ್ತವೆ. ಸುತ್ತ ಕತ್ತಲಿದ್ದಾಗ ಕ್ಯಾಮೆರಾ ಹೆಚ್ಚು ಬೆಳಕು ಹೀರಲು ಹೊರಟು ಪ್ಲೇಟನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಶರನ್ನು ಒಂದೆರಡು ಮೆಟ್ಟಿಲು ಇಳಿಸಿ, ಡಬ್ಲ್ಯುಡಿಆರ್ ಆನ್ ಮಾಡಿದ ಮೇಲೆ ಗೆಳೆಯನ ಕಾರಿನ ನಂಬರ್ ಓದಲು ಬಂತು.

ಆದರೂ ಅಡ್ಡ ಹಾಯುವ ಕಾರಿನದು ಬರಲಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ 46 ಸೆಂಟಿಮೀಟರ್ ಸರಿಯುತ್ತದೆ. ಅದು ಹೆಚ್ಚುಕಡಿಮೆ ಪ್ಲೇಟಿನಷ್ಟೇ ಉದ್ದ. ಮಂದ ಬೆಳಕಿನಲ್ಲಿ ಶಟರ್ ಅಷ್ಟು ಹೊತ್ತು ತೆರೆದಿದ್ದರೆ ಅಕ್ಷರ ಉಳಿಯುವುದಿಲ್ಲ. ಯಾವ ಸೆಟ್ಟಿಂಗ್ ಬದಲಿಸಿದರೂ ಈ ಲೆಕ್ಕ ಬದಲಾಗಲಿಲ್ಲ.

ನನ್ನ ದೊಡ್ಡ ತಪ್ಪು ಬೇರೆಯೇ ಇತ್ತು. ಹಲವು ಆ್ಯಪ್‌ಗಳು ಫೋನಿಗೆ ಕೊಡುವುದು ಕುಗ್ಗಿಸಿದ ಪ್ರತಿ. ವಾಟ್ಸ್‌ಆ್ಯಪ್ ಅದನ್ನು ಇನ್ನಷ್ಟು ಹಿಂಡುತ್ತದೆ. ಮೂಲದಲ್ಲಿ ನಂಬರ್ ಇತ್ತೋ ಇಲ್ಲವೋ, ನಾನದನ್ನು ನೋಡಲೇ ಇಲ್ಲ. ಅವಘಡವಾದ ಕೂಡಲೇ ಲಾಕ್ ಬಟನ್ ಒತ್ತಿ, ಕಾರ್ಡನ್ನು ಹೊರತೆಗೆದು ಜೋಪಾನ ಮಾಡಬೇಕಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಜೊತೆ ಹ್ಯಾಶ್ ಮೌಲ್ಯವಿರುವ ಪ್ರಮಾಣಪತ್ರ ಕೊಡಬೇಕು. ಫೈಲಿನ ಒಂದು ಬಿಟ್ ಬದಲಾದರೂ ಆ ಮೌಲ್ಯ ಬದಲಾಗುತ್ತದೆ. ಮೂಲ ಫೈಲಿಗೆ ಅಷ್ಟು ಬೆಲೆ.

ಚಿಕ್ಕಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ನಾನು ಆವತ್ತೇ ನಂಬರ್ ಓದಿದ್ದೆನಲ್ಲೋ, ಗಟ್ಟಿಯಾಗೇ ಹೇಳಿದೆ. ಗಾಬರಿಯಲ್ಲಿ ಇಬ್ಬರೂ ಮರೆತೆವು" ಅಂದರು. ನನ್ನ ಬಾಯಿ ಕಟ್ಟಿತು. ಆಫೀಸಿನ ಮಾತು ರೆಕಾರ್ಡ್ ಆಗದಿರಲಿ ಎಂದು ಕ್ಯಾಮೆರಾದ ಮೈಕನ್ನು ನಾನೇ ಆಫ್ ಮಾಡಿಟ್ಟಿದ್ದೆ.

ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಮೂರು ಕಡೆಯ ಸುದ್ದಿ ಒಂದೇ ಆದರೆ ನಂಬಬಹುದು ಎಂಬುದು ಗೂಢಚಾರರ ಬಗ್ಗೆ ಅದರಲ್ಲಿರುವ ನಿಯಮ. ಚಿತ್ರ, ದನಿ, ಕಣ್ಣಾರೆ ಕಂಡವರು, ಆ ರಾತ್ರಿ ನನ್ನ ಕಾರಿನಲ್ಲಿ ಮೂರೂ ಇದ್ದವು. ಒಂದನ್ನೂ ನಾನು ಕಾಪಾಡಲಿಲ್ಲ.

ಈಗ ಮೈಕ್ ಆನ್ ಇದೆ. ಕಾರು ಹತ್ತಿದವರಿಗೆ ಮೊದಲೇ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ಏನಾದರೂ ಎಡವಟ್ಟು ಕಂಡರೆ ನಂಬರನ್ನು ಗಟ್ಟಿಯಾಗಿ ಓದುತ್ತೇನೆ. ನೀವೂ ಇವತ್ತು ಕಾರು ತೆಗೆಯುವ ಮೊದಲು ಒಮ್ಮೆ ಲೆನ್ಸ್ ಮುಟ್ಟಿ ನೋಡಿ, ಹಾಳೆ ಅಲ್ಲೇ ಇದ್ದರೂ ಇರಬಹುದು.